ಅಮ್ಮನ ಹೆಸರಿಗೆ ಬಂದ ತುಪಾಕಿ

ನಮ್ಮ ಮನೆಯಲ್ಲಿ ದೇವರ ಗೂಡಿಗೆ ಎಷ್ಟು ಮಡಿಯೋ ತುಪಾಕಿಗೂ ಅಷ್ಟೇ ಮಡಿ. ನಗರಗೆರೆಯಿಂದ ಆಚೆ, ಗುಡ್ಡದ ಬುಡಕ್ಕೆ ಒತ್ತಿಕೊಂಡಿದ್ದ ಸಣ್ಣ ಊರು ನಮ್ಮದು. ಮನೆಯೂ ಅಂಥ ದೊಡ್ಡದೇನಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಒಂದು ಪಕ್ಕಕ್ಕೆ ಅಡುಗೆಮನೆ, ಇನ್ನೊಂದು ಪಕ್ಕಕ್ಕೆ ರಾಗಿ ತುಂಬಿದ ವಾಡೆಗಳಿದ್ದ ಕತ್ತಲೆ ಕೋಣೆ, ಹಿಂದೆ ಬಚ್ಚಲು, ಕೊಟ್ಟಿಗೆ. ನಡುಮನೆಯ ಗೋಡೆಗೆ ಎರಡು ಮರದ ಗೂಟ ಹೊಡೆದು, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ತುಪಾಕಿಯನ್ನು ಅಡ್ಡಡ್ಡ ಮಲಗಿಸಿದ್ದರು. ನೋಡಿದವರು ತಾತನ ಕಾಲದ್ದು ಅಂದುಕೊಳ್ಳುತ್ತಿದ್ದರು. ಅಲ್ಲ. ತಾತನ ತುಪಾಕಿ ತುಕ್ಕು ತಿಂದು, ನಳಿಗೆ ಒಳಗಿಂದೊಳಗೇ ಹುಳ ಬಿದ್ದ ಬದನೆಕಾಯಿಯಂತಾಗಿ ಹಾಳಾಗಿತ್ತು. ಆಮೇಲೆ ಅದೇ ಮಾದರಿ ನೋಡಿ ಅಪ್ಪ ಹೊಸದಾಗಿ ಮಾಡಿಸಿದ್ದು ಇದು. ತೋಟಾ ಹಾಕುವ ಈಗಿನ ಬಂದೂಕಲ್ಲ. ನಳಿಗೆಯ ಬಾಯಿಂದಲೇ ಕರಿಮದ್ದು ಸುರಿದು, ನಾರು ತುರುಕಿ, ಮೇಲೆ ಸೀಸದ ಚರೆ ಹಾಕಿ, ಗಜವೆನ್ನುವ ಉದ್ದನೆಯ ಕಡ್ಡಿಯಿಂದ ಗಟ್ಟಿ ಮಾಡಬೇಕು. ಹಿಂದೆ ಮೂಗಿನಂತಿರುವ ಸಣ್ಣ ತೂತಿನ ಮೇಲೆ ತಾಮ್ರದ ಕೇಪು ಕೂರಿಸಬೇಕು. ಆ ಕೇಪಿಗೆ ಬಡಿಯುವ ಸುತ್ತಿಗೆಗೆ ನಮ್ಮ ಕಡೆ ಕುದುರೆ ಅನ್ನುತ್ತಾರೆ.

ಗುಡ್ಡದ ಹಂದಿಗಳಿಗೆ ನಮ್ಮ ಕಡಲೆಕಾಯಿ ಹೊಲ ಅಂದರೆ ಹಬ್ಬದೂಟ. ಬೆಳೆ ಕಾಯುವುದಕ್ಕೆಂದೇ ಸರ್ಕಾರ ಅಪ್ಪನಿಗೆ ಲೈಸೆನ್ಸು ಕೊಟ್ಟಿತ್ತು. ಅಪ್ಪ ಮಿತಭಾಷಿ, ಆದರೆ ತುಪಾಕಿಯ ವಿಷಯ ಬಂದರೆ ಮೇಷ್ಟರಾಗಿಬಿಡುತ್ತಿದ್ದರು. ಮದ್ದಿನ ಕೊಂಬು ರಾಗಿಯ ಕೋಣೆಯ ಅಟ್ಟದಲ್ಲಿ, ಒಲೆಯಿಂದ ದೂರ. ಕೇಪುಗಳ ಡಬ್ಬಿ ಅವ್ವನ ಪೆಟ್ಟಿಗೆಯಲ್ಲಿ, ಅವ್ವನ ಸೆರಗಿನ ಬೀಗದ ಕೈ ಇಲ್ಲದೆ ಯಾರಿಗೂ ಸಿಗದಂತೆ. ಅವ್ವ ಅಂದರೆ ಅಪ್ಪನ ತಾಯಿ. ತುಪಾಕಿ ಇಳಿಸಿದ ಕೂಡಲೇ ಅಪ್ಪ ಮೊದಲು ಗಜವನ್ನು ನಳಿಗೆಯೊಳಗೆ ಬಿಟ್ಟು ನೋಡುತ್ತಿದ್ದರು. ಗಜದ ಮೇಲೆ ಚಾಕುವಿನಿಂದ ಒಂದು ಗೀರು ಹಾಕಿದ್ದರು. ನಳಿಗೆ ಖಾಲಿಯಿದ್ದರೆ ಗೀರು ಬಾಯಿಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಮೇಲೆ ನಿಂತಿತೋ, ಒಳಗೆ ಮದ್ದಿದೆ ಅಂತ ಅರ್ಥ.

"ನಿನ್ನೆ ನಾನೇ ಖಾಲಿ ಮಾಡಿಟ್ಟೆ ಅಂತ ನಂಬಬಾರ್ದು. ನಿನ್ನೆಯ ನಾನು ಬೇರೆ, ಇವತ್ತಿನ ನಾನು ಬೇರೆ" ಅನ್ನುತ್ತಿದ್ದರು.

ಹೊಡೆದು ಬಂದ ದಿನ ತುಪಾಕಿಗೆ ಸ್ನಾನ. ಅದು ಅಮ್ಮನ ಕೆಲಸ. ಕರಿಮದ್ದಿನ ಮಸಿಯನ್ನು ಒಂದು ದಿನ ಬಿಟ್ಟರೂ ಅದು ಗಾಳಿಯ ನೀರು ಹೀರಿಕೊಂಡು ಕಬ್ಬಿಣ ತಿನ್ನುತ್ತದೆ. ಎಣ್ಣೆಗೆ ಅದು ಬಿಡುವುದಿಲ್ಲ, ಬಿಸಿನೀರೇ ಆಗಬೇಕು. ಹಂಡೆಯಲ್ಲಿ ಕುದ್ದ ನೀರನ್ನು ಅಮ್ಮ ಚೊಂಬಿನಿಂದ ನಳಿಗೆಗೆ ಸುರಿದರೆ ಕೆಳಗಿಂದ ಇದ್ದಿಲು ಕಲಸಿದಂಥ ನೀರು, ಕೊಳೆತ ಮೊಟ್ಟೆಯ ವಾಸನೆ. ತಿಳಿನೀರು ಬರುವತನಕ ಸುರಿದು, ಗಜದ ತುದಿಗೆ ಹಳೇ ಪಂಚೆಯ ಚಿಂದಿ ಸುತ್ತಿ ಒರೆಸಿ, ಬಿಸಿಲಿಗಿಟ್ಟು, ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಒಳಗೆ ತರುತ್ತಿದ್ದರು. ಅಮ್ಮನ ತವರು ಮೇಲೂರು. ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ಎಳೆ ತೆಗೆಯುವ ಮನೆಯಲ್ಲಿ ಬೆಳೆದವರು. ಅವರ ಬೆರಳಿಗೆ ಬಿಸಿಯ ಭಯವಿರಲಿಲ್ಲ, ಕೆಲಸದಲ್ಲಿ ಆತುರವೂ ಇರಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುವುದಕ್ಕಿಂತ ಹೆಚ್ಚು ಅಕ್ಕರೆಯಿಂದ ಆ ನಳಿಗೆಗೆ ಹಚ್ಚುತ್ತಾರೆ ಅಂತ ನನಗೆ ಒಳಗೊಳಗೇ ಹೊಟ್ಟೆಯುರಿ.

ನಾನು ಮಿಡ್ಲ್‌ಸ್ಕೂಲಿಗೆ ಸೇರಿದ ವರ್ಷ ಅಪ್ಪ ಬಿದ್ದರು. ಬೆಳಿಗ್ಗೆ ಎದ್ದು ಚೊಂಬು ಹಿಡಿಯಲು ಹೋದರೆ ಬಲಗೈ ಏಳಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಯಿತು. ಗೌರಿಬಿದನೂರಿನ ಡಾಕ್ಟರು ಬಂದು ನೋಡಿ ಪಾರ್ಶ್ವವಾಯು ಅಂದರು. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಬಲಗಡೆ ಬರುವುದು ದೇವರಿಗೆ ಬಿಟ್ಟದ್ದು. ಅಪ್ಪನ ಮಂಚವನ್ನು ನಡುಮನೆಯಲ್ಲೇ, ತುಪಾಕಿಯ ಎದುರು ಗೋಡೆಗೆ ಹಾಕಿದರು. ಮಾತು ತೊದಲುತ್ತಿತ್ತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುವ ಕೆಲಸ ನನ್ನದಾದ್ದರಿಂದಲೋ ಏನೋ, ಆ ತೊದಲು ಎಲ್ಲರಿಗಿಂತ ಮೊದಲು ನನಗೆ ಅರ್ಥವಾಗತೊಡಗಿತು.

ಆ ವರ್ಷ ಕಡಲೆಕಾಯಿ ಚೆನ್ನಾಗಿ ಬಂದಿತ್ತು. ಹಂದಿಗಳಿಗೂ ಅದು ತಿಳಿಯಿತು. ಡಬ್ಬ ಬಡಿದರೂ, ಕೂಗಿದರೂ ಜಗ್ಗಲಿಲ್ಲ. ಒಂದೊಂದು ಬೆಳಿಗ್ಗೆ ಒಂದೊಂದು ಪಟ್ಟೆ ಉತ್ತು ಹಾಕಿದ ಹಾಗೆ ಮಗುಚಿ ಬಿದ್ದಿರುತ್ತಿತ್ತು. ಅಪ್ಪನ ತಮ್ಮ ಗೋಪಾಲ ಚಿಕ್ಕಪ್ಪ ನಮ್ಮ ಜೊತೆಯಲ್ಲೇ ಇದ್ದರು. ಒಳ್ಳೆಯವರು, ಆದರೆ ಕುದಿಯುವ ಮುಂಚೆಯೇ ಅನ್ನ ಬಸಿಯುವ ಆಸಾಮಿ. ಊಟಕ್ಕೆ ಕೂತಾಗ ಎರಡು ದಿನ ಇದೇ ಜಗಳ.

"ಅಣ್ಣ, ತುಪಾಕಿ ಗೋಡೆ ಮೇಲೆ ನೇತಾಡ್ತಾ ಇದ್ರೆ ಹಂದಿ ಹೆದರ್ತವಾ? ನಾನು ತಗೊಂಡು ಹೋಗ್ತೀನಿ."

ಅಪ್ಪ ತಲೆಯಾಡಿಸಿದರು. ತೊದಲಿದ್ದನ್ನು ನಾನು ಹೇಳಿದೆ: "ಮೊದಲು ಕಲೀಬೇಕಂತೆ ಚಿಕ್ಕಪ್ಪ."

"ಕಲಿಯೋದೇನೈತೆ ಇದ್ರಲ್ಲಿ! ಚಿಕ್ಕಂದಿನಿಂದ ನೋಡ್ತಾ ಇಲ್ವಾ?"

ಅವ್ವನಿಗೆ ಕಿರಿಮಗನ ಮೇಲೆ ಕರುಳು, ಬೆಳೆಯ ಮೇಲೆ ಚಿಂತೆ. ಯಾರಿಗೂ ಹೇಳದೆ ಪೆಟ್ಟಿಗೆ ತೆಗೆದು ಕೇಪುಗಳನ್ನು ಕೊಟ್ಟುಬಿಟ್ಟರು. ರಾತ್ರಿ ಅಪ್ಪ ನಿದ್ದೆಹೋದ ಮೇಲೆ ಚಿಕ್ಕಪ್ಪ ತುಪಾಕಿ ಇಳಿಸಿ ಮದ್ದು ತುಂಬಿ, ಅಪ್ಪನ ಕಣ್ಣಿಗೆ ಬೀಳದಿರಲೆಂದು ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿದರು. ಮಂಜು ಬೀಳುವ ಕಾಲ. ಮದ್ದು ಅಲ್ಲೇ ತೇವ ಹಿಡಿಯಿತು.

ಬೆಳಗಿನ ಜಾವ ಹೊಲದ ಕಡೆ ಹಂದಿಗಳ ಗುರುಗುಟ್ಟುವಿಕೆ ಕೇಳಿ ಎಲ್ಲರೂ ಎದ್ದೆವು. ನಮ್ಮ ಹೊಲ ಮನೆಯ ಹಿತ್ತಲಿನಿಂದಲೇ ಶುರು. ನಾನು ಹಿತ್ತಲ ಬಾಗಿಲಲ್ಲಿ ನಿಂತೆ. ಚಿಕ್ಕಪ್ಪ ಬೇಲಿಯ ಹತ್ತಿರ ಹೋಗಿ ಗುರಿಯಿಟ್ಟು ಎಳೆದರು. ಟಿಕ್ ಅಂದಿತು, ಅಷ್ಟೆ. "ಥೂ, ಇದರ ಮನೆ ಹಾಳಾಗ" ಅನ್ನುತ್ತ ಅವರು ತುಪಾಕಿಯನ್ನು ಭುಜದಿಂದ ಇಳಿಸಿ, ಏನಾಗಿದೆ ನೋಡಲು ನಮ್ಮ ಕಡೆ ತಿರುಗಿದರು. ನಳಿಗೆಯ ದುಂಡನೆಯ ಕಪ್ಪು ಬಾಯಿ ನೇರ ನನ್ನ ಎದೆಗೇ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಸಗಣಿ ಬುಟ್ಟಿ ಹಿಡಿದು ಕೊಟ್ಟಿಗೆಯಿಂದ ಬರುತ್ತಿದ್ದವರು ಬುಟ್ಟಿ ಎಸೆದು ಓಡಿಬಂದು, ಎರಡೂ ಕೈಯಿಂದ ನಳಿಗೆಯನ್ನು ಹಿಡಿದು ಮೇಲಕ್ಕೆ ದೂಡಿದರು.

"ಬಿಡಬೇಡ! ಮೇಲಕ್ಕೇ ಹಿಡ್ಕೋ!"

ಆ ಮಾತು ಮುಗಿದಿತ್ತೋ ಇಲ್ಲವೋ, ಢಂ ಅಂತು. ಒಳಗೆ ನಿಧಾನವಾಗಿ ಹೊಗೆಯಾಡುತ್ತಿದ್ದ ಮದ್ದು ಆಗ ಹೊತ್ತಿಕೊಂಡಿತ್ತು. ಕೊಟ್ಟಿಗೆಯ ಹೆಂಚುಗಳು ಪಟಪಟನೆ ಸಿಡಿದು ಉದುರಿದವು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಬಿಳೀ ಹೊಗೆ ಕರಗಿದಾಗ ಚಿಕ್ಕಪ್ಪ ನೆಲದ ಮೇಲೆ ಕೂತುಬಿಟ್ಟಿದ್ದರು. ಅಮ್ಮನ ಅಂಗೈ, ಮುಂಗೈ ಸುಟ್ಟು ಕೆಂಪಗಾಗಿತ್ತು. ಒಳಗಿನಿಂದ ಅಪ್ಪ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. "ರತ್ನ, ರತ್ನ." ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮೊದಲ ಮಾತು ಅದು. ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದರು. ಎಡಗೈಯಿಂದ ನನ್ನ ಮುಖ, ಕತ್ತು, ಎದೆ ಎಲ್ಲ ಸವರಿ ನೋಡಿದ ಮೇಲೆಯೇ ಅಪ್ಪನ ಉಸಿರು ಹತೋಟಿಗೆ ಬಂತು.

ಅವತ್ತು ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅವ್ವ ಕಂಬಕ್ಕೊರಗಿ ಅಳುತ್ತಿದ್ದರು.

"ಅದನ್ನ ಬಾವಿಗೆ ಹಾಕ್ರೋ. ಇಲ್ಲಾ ಠಾಣೆಗೆ ಕೊಟ್ಟು ಕೈ ತೊಳ್ಕೊಳ್ರೋ. ದೇವುಡಾ, ಕೂಸು ಹೋಗಿಬಿಡ್ತಿತ್ತಲ್ಲೋ!"

ಅಮ್ಮ ಕೈಗೆ ಬೆಣ್ಣೆ ಸವರಿಕೊಳ್ಳುತ್ತ ಹೇಳಿದರು.

"ಬಾವಿಗೂ ಬೇಡ, ಠಾಣೆಗೂ ಬೇಡ. ಇನ್ಮೇಲೆ ನಾನು ಹಿಡೀತೀನಿ."

"ನೀನಾ? ಹೆಣ್ಣೆಂಗಸು ತುಪಾಕಿ ಹಿಡಿದ್ರೆ ಊರೋರು ಏನಂತಾರೆ?"

"ಊರೋರು ಬಂದು ಹಂದಿ ಓಡಿಸ್ತಾರಾ ಅತ್ತೆ? ತೊಳೆಯೋಳು ನಾನು. ಅದರ ಒಳಗು ಹೊರಗು ನಂಗೆ ಗೊತ್ತು. ಹೊಡೆಯೋದೊಂದು ಕಲೀಬೇಕು, ಕಲೀತೀನಿ."

ಅಪ್ಪ ಅಮ್ಮನ ಸುಟ್ಟ ಕೈ ನೋಡಿದರು. ಆಮೇಲೆ ಏನೋ ಅಂದರು. ನಾನು ಹೇಳಿದೆ: "ಕೈ ವಾಸಿಯಾದ ದಿನದಿಂದ ಪಾಠ ಅಂತೆ."

ಪಾಠ ನಡೆದದ್ದು ನಡುಮನೆಯಲ್ಲೇ, ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದ ಮೇಲೆ. ತುಪಾಕಿಯನ್ನು ಮುಟ್ಟಲು ಅಪ್ಪ ಬಿಡಲಿಲ್ಲ. ಬಿದಿರಿನ ಉದ್ದನೆಯ ಒಂದು ಬೊಂಬು ತರಿಸಿ ಅದಕ್ಕೇ ರಾಗಿಕಾಳು ಸುರಿದು ಅಭ್ಯಾಸ ಮಾಡಿಸಿದರು. ಅಪ್ಪ ಮಂಚದಿಂದ ತೊದಲುವುದು, ನಾನು ಜೋರಾಗಿ ಹೇಳುವುದು, ಅಮ್ಮ ಮಾಡುವುದು. ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಳಗೆ ಕಿಡಿಯೊಂದು ಉಳಿದಿದ್ದರೆ ಕೊಂಬಿನಲ್ಲಿರುವುದೆಲ್ಲ ಕೈಯಲ್ಲೇ ಸಿಡಿಯುತ್ತದೆ. ಅಳತೆಯ ಕುಡಿಕೆಗೆ ಹಾಕಿಕೊಂಡು, ಕೊಂಬು ಮುಚ್ಚಿ ದೂರವಿಟ್ಟು, ಆಮೇಲೆ ಸುರಿಯಬೇಕು. ಗಜವನ್ನು ಅಂಗೈಯಿಂದ ಒತ್ತಬಾರದು, ಬೆರಳ ತುದಿಯಲ್ಲಿ ಹಿಡಿಯಬೇಕು. ಮುಖವನ್ನು ನಳಿಗೆಯ ಬಾಯಿಯ ಮೇಲೆ ತರಬಾರದು. ಕೇಪು ಎಲ್ಲಕ್ಕಿಂತ ಕೊನೆಗೆ, ಅದೂ ಹೊಲದಲ್ಲಿ ನಿಂತ ಮೇಲೆ. ಮನೆಯೊಳಗೆ ಬರುವಾಗ ನಳಿಗೆಯಲ್ಲಿ ಏನೂ ಇರಕೂಡದು. ಟಿಕ್ ಅಂದು ಸುಮ್ಮನಾದರೆ ಮದ್ದು ಸತ್ತಿದೆ ಅಂದುಕೊಳ್ಳಬಾರದು. ಗುರಿಯಿಟ್ಟಲ್ಲೇ ಹಿಡಿದುಕೊಂಡು, ನಿಧಾನವಾಗಿ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟು ಅಗಿಯುವಷ್ಟು ಹೊತ್ತು ನಿಲ್ಲಬೇಕು. ಅಮ್ಮ ತಪ್ಪು ಮಾಡಿದರೆ ಅಪ್ಪ ಮೊದಲಿನಿಂದ ಮಾಡಿಸುತ್ತಿದ್ದರು. ಒಮ್ಮೊಮ್ಮೆ ಅಮ್ಮನಿಗೂ ರೇಗುತ್ತಿತ್ತು.

"ಇದೇನ್ರೀ, ನಾನು ಪಟ್ಟಾಭಿಷೇಕಕ್ಕೆ ರೆಡಿ ಆಗ್ತಾ ಇದೀನಾ?"

ಅಪ್ಪನ ಸೊಟ್ಟ ಬಾಯಲ್ಲಿ ನಗು ಮೂಡುತ್ತಿತ್ತು. ಆದರೂ "ಮೊದಲಿಂದ" ಅನ್ನುವುದನ್ನು ಬಿಡುತ್ತಿರಲಿಲ್ಲ. ಅಮ್ಮನೂ ಬೊಂಬನ್ನು ಮಗುಚಿ, ಚೆಲ್ಲಿದ ರಾಗಿಯನ್ನು ಬಳಿದು, ಮತ್ತೆ ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಆ ವರ್ಷದ ಕಡಲೆಕಾಯಿ ಹಂದಿಗಳ ಪಾಲಿಗೆ ಮುಕ್ಕಾಲು ಹೋಗಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಇನ್ನುಳಿದದ್ದು ಲೈಸೆನ್ಸು. ಅಪ್ಪನ ಹೆಸರಿನಲ್ಲಿರುವ ತುಪಾಕಿಯನ್ನು ಅಮ್ಮ ಹಿಡಿದರೆ ಅಪರಾಧ. ಬೇಸಿಗೆಯಲ್ಲಿ ಅಮ್ಮ ಚಿಕ್ಕಪ್ಪನ ಜೊತೆ ಗಾಡಿ ಕಟ್ಟಿಸಿಕೊಂಡು ಗೌರಿಬಿದನೂರಿನ ತಾಲ್ಲೂಕು ಕಚೇರಿಗೆ ಹೋದರು. ಅಮಲ್ದಾರರು ಕೆಟ್ಟ ಮನುಷ್ಯರೇನಲ್ಲ. ಆದರೆ ಇಂಥದ್ದನ್ನು ಅವರು ಕಂಡಿರಲಿಲ್ಲ. ಮನೆಯಲ್ಲಿ ಇನ್ನೊಬ್ಬ ಗಂಡಸಿದ್ದಾರಲ್ಲ, ಅವರ ಹೆಸರಿಗೆ ಕೇಳಿ ಅಂತ ಹೇಳಿ ಕಳಿಸಿದರು. ಎರಡನೇ ಸಲ ಹೋದಾಗ ಸಾಹೇಬರು ಕೋಲಾರಕ್ಕೆ ಹೋಗಿದ್ದಾರೆ ಅಂದರು. ಅಮ್ಮ ಬಿಸಿಲಲ್ಲಿ ಬಂದು, ನೀರು ಕುಡಿದು, "ಮುಂದಿನ ವಾರ ಹೋಗಣ" ಅಂದರು ಅಷ್ಟೆ. ಮೂರನೇ ಸಲ ಗಾಡಿ ಹತ್ತುವಾಗ ಅವ್ವ ಒಳಗಿನಿಂದ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದರು.

"ನಾನೂ ಬರ್ತೀನಿ ನಡೀರಿ. ಕೇಪು ಕೊಟ್ಟ ಪಾಪ ನಂದು. ಅದನ್ನ ಅಲ್ಲೇ ಹೋಗಿ ತೊಳ್ಕೊಂಡು ಬರ್ತೀನಿ."

ನಾನೂ ಹಿಂದೆ ಹತ್ತಿ ಕೂತೆ. ಕಚೇರಿಯಲ್ಲಿ ಅಮಲ್ದಾರರು ಅದೇ ಪ್ರಶ್ನೆ ಕೇಳಿದರು.

"ಯಾಕಮ್ಮಾ, ಮನೇಲಿ ಗಂಡಸರು ಇದ್ದೂ ನಿಮಗ್ಯಾಕೆ ಬಂದೂಕು?"

ಅಮ್ಮ ಬಾಯಿ ತೆರೆಯುವುದರೊಳಗೆ ಅವ್ವ ಮುಂದೆ ಬಂದರು.

"ಇದಾರೆ ಸ್ವಾಮಿ, ಇಬ್ರು. ಒಬ್ಬ ಮಲಗವ್ನೆ. ಇನ್ನೊಬ್ಬನ ಕೈಗೆ ಕೊಟ್ರೆ ನಾವೆಲ್ಲ ಮಲಗಬೇಕಾಗ್ತದೆ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ತಲೆತಗ್ಗಿಸಿಕೊಂಡೇ ನಕ್ಕರು. "ನಿಜ ಸ್ವಾಮಿ. ನಂಗೆ ಬೇಡ. ಅತ್ತಿಗೆಗೇ ಕೊಡಿ" ಅಂದರು. ಅಮಲ್ದಾರರಿಗೂ ನಗು ತಡೆಯಲಾಗಲಿಲ್ಲ. ಪೊಲೀಸ್ ಇನ್ಸ್‌ಪೆಕ್ಟರು ಪರೀಕ್ಷೆ ಮಾಡಿ ಸರಿಯಿದೆ ಅಂದರೆ ತಾವು ಕೋಲಾರದ ಜಿಲ್ಲಾ ಕಚೇರಿಗೆ ಬರೆಯುವುದಾಗಿ ಒಪ್ಪಿಕೊಂಡರು.

ಪರೀಕ್ಷೆ ನಡೆದದ್ದು ಗೌರಿಬಿದನೂರಿನ ಆಚೆಯ ಕೆರೆ ಏರಿಯ ಕೆಳಗೆ. ಹೆಂಗಸು ತುಪಾಕಿ ಹೊಡೀತಾಳೆ ಅನ್ನುವ ಸುದ್ದಿಗೆ ಜನ ನೆರೆದಿದ್ದರು. ಏರಿಗೆ ಒಂದು ಮಡಕೆ ಒರಗಿಸಿದ್ದರು. ಇನ್ಸ್‌ಪೆಕ್ಟರು ಮೀಸೆ ನರೆತ ದಪ್ಪ ಮನುಷ್ಯ, ಕೈಕಟ್ಟಿ ನಿಂತಿದ್ದರು. ಅಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಮೊದಲು ಗಜ ಬಿಟ್ಟು ಗೀರು ನೋಡಿದರು. ಕುಡಿಕೆಗೆ ಮದ್ದು ಅಳೆದರು, ಕೊಂಬನ್ನು ಮುಚ್ಚಿ ಚಿಕ್ಕಪ್ಪನ ಕೈಗೆ ಕೊಟ್ಟು ದೂರ ಹೋಗಲು ಹೇಳಿದರು. ನಾರು, ಚರೆ, ಮತ್ತೆ ನಾರು. ಎಲ್ಲರೂ ಹಿಂದೆ ಸರಿಯಲಿ ಅಂತ ಇನ್ಸ್‌ಪೆಕ್ಟರನ್ನೂ ಸೇರಿಸಿಯೇ ಹೇಳಿ, ಅವರು ಸರಿದ ಮೇಲೆ ಕೇಪು ಕೂರಿಸಿ, ಭುಜಕ್ಕಿಟ್ಟು ಎಳೆದರು.

ಟಿಕ್.

"ತುಸ್ ಅಂತು!" ಅಂದ ಯಾರೋ ಒಬ್ಬ. ಜನರೆಲ್ಲ ಗೊಳ್ಳೆಂದರು. "ಮನೆಗೋಗಿ ಮುದ್ದೆ ತಿರುವಮ್ಮ" ಅಂದ ಇನ್ನೊಬ್ಬ. ಅಮ್ಮ ಅಲುಗಲಿಲ್ಲ. ನಳಿಗೆ ಏರಿಯ ಕಡೆಗೇ, ಕೆನ್ನೆ ಹಿಡಿಗೆ ಒತ್ತಿಕೊಂಡೇ. ನಗು ಏರಿತು, ಸುಸ್ತಾಗಿ ಇಳಿಯಿತು. ಆಗಲೂ ಅಲುಗಲಿಲ್ಲ. ಅವ್ವ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದರು. ಅಮ್ಮನ ಕುತ್ತಿಗೆಯಿಂದ ಬೆವರು ಇಳಿದು ರವಿಕೆ ನೆನೆಯುವುದು ನನಗೆ ಕಾಣುತ್ತಿತ್ತು. ಮುಂದೆ ನಾನು ನರ್ಸಾಗಿ ಚಿಂತಾಮಣಿಯಲ್ಲಿ ಹೆರಿಗೆ ವಾರ್ಡು ನೋಡಿಕೊಂಡ ಅಷ್ಟು ವರ್ಷಗಳಲ್ಲಿ, ಸುತ್ತಲಿನವರೆಲ್ಲ ಕೂಗಾಡುವಾಗ ಮಾಡಬೇಕಾದ್ದನ್ನು ಮಾತ್ರ ಮಾಡುತ್ತ ನಿಲ್ಲುವುದು ನನಗೆ ಬಂದಿದ್ದರೆ, ಅದು ನರ್ಸಿಂಗ್ ಪುಸ್ತಕದಿಂದ ಬಂದದ್ದಲ್ಲ. ಆ ಕೆರೆ ಏರಿಯ ಕೆಳಗೆ, ಅಮ್ಮನ ಬೆನ್ನು ನೋಡುತ್ತ ಕಲಿತದ್ದು.

ಎಷ್ಟೋ ಹೊತ್ತಾದ ಮೇಲೆ ಅಮ್ಮ ನಳಿಗೆ ತಿರುಗಿಸದೆಯೇ ಕುದುರೆ ಎತ್ತಿ, ಹಳೇ ಕೇಪು ತೆಗೆದು, ತಲೆಯ ಗಂಟಿನಿಂದ ಹೇರ್‌ಪಿನ್ ಎಳೆದು ಮೂಗಿನ ತೂತು ಚುಚ್ಚಿ ಬಿಡಿಸಿದರು. ಹೊಸ ಕೇಪು ಕೂರಿಸಿ ಮತ್ತೆ ಎಳೆದರು. ಈ ಸಲ ಏರಿಯೇ ಮಾರ್ದನಿ ಕೊಡುವಂಥ ಸದ್ದು. ಹೊಗೆ ಸರಿದಾಗ ಮಡಕೆ ಇದ್ದ ಹಾಗೇ ಇತ್ತು. ಪಕ್ಕದ ಮಣ್ಣು ಕಿತ್ತುಹೋಗಿತ್ತು.

ಇನ್ಸ್‌ಪೆಕ್ಟರು ಮಡಕೆಯ ಹತ್ತಿರ ಹೋಗಿ ಬಗ್ಗಿ ನೋಡಿ ಬಂದರು.

"ಮಡಕೆಗೆ ಬಿದ್ದಿಲ್ಲವಲ್ಲಮ್ಮಾ?"

"ಮಡಕೆ ನಮ್ಮ ಕಡಲೆಕಾಯಿ ತಿನ್ನಲ್ಲ ಸ್ವಾಮಿ. ಹಂದಿ ಹೆದರಿದ್ರೆ ಸಾಕು ನಂಗೆ."

ಅವರು ಮೀಸೆ ತಿರುವುತ್ತ ಜನರ ಕಡೆ ನೋಡಿದರು. "ಗುರಿ ಹೇಗೋ ಬರುತ್ತೆ. ಟಿಕ್ ಅಂದಾಗ ನಿಂತರಲ್ಲ, ಅದು ನಮ್ಮ ಹುಡುಗರಿಗೂ ಬರಲ್ಲ" ಅಂದು, ಒಂದು ಸಲ ಕೆಮ್ಮಿ, ಅಮ್ಮನಿಗೆ ಕೈಮುಗಿದರು. ಅವ್ವ ಗಾಡಿಯಲ್ಲಿ ಊರು ಬರುವತನಕ ಆ ಕೈಮುಗಿದದ್ದನ್ನೇ ಹೇಳುತ್ತಿದ್ದರು, ಪಕ್ಕದಲ್ಲೇ ಕೂತಿದ್ದ ನಮಗೆ ಕಾಣಲಿಲ್ಲವೇನೋ ಅನ್ನುವಂತೆ.

ಕೋಲಾರದಿಂದ ಅಪ್ಪಣೆ ಬರುವಷ್ಟರಲ್ಲಿ ಮಳೆ ಬಂದು, ಬಿತ್ತನೆಯಾಗಿ, ಕಡಲೆಕಾಯಿ ಮತ್ತೆ ನೆಲದೊಳಗೆ ಬಲಿಯುತ್ತಿತ್ತು. ಒಂದು ಬೆಳಿಗ್ಗೆ, ಇನ್ನೇನು ಪೂರ್ವ ಕೆಂಪಾಗಬೇಕು ಅನ್ನುವಾಗ, ಚಿಕ್ಕಪ್ಪ ಬೇಲಿಯಿಂದ ಓಡಿಬಂದು "ಅತ್ತಿಗೆ, ಬಂದವು" ಅಂದರು. ಅಮ್ಮ ಓಡಲಿಲ್ಲ. ಗೂಟದಿಂದ ತುಪಾಕಿ ಇಳಿಸಿ, ಗೀರು ನೋಡಿ, ಹೊಲದ ಬದುವಿನಲ್ಲಿ ನಿಂತು ಒಂದೊಂದಾಗಿ ಎಲ್ಲ ಮಾಡಿದರು. ಮುಂದೆ ಯಾರೂ ಇಲ್ಲ ಅಂತ ಚಿಕ್ಕಪ್ಪನಿಂದ ಕೂಗಿಸಿ ಖಚಿತ ಮಾಡಿಕೊಂಡು ಹೊಡೆದರು. ಹಂದಿಗಳು ಗಿಡ ಮುರಿದುಕೊಂಡು ಗುಡ್ಡ ಹತ್ತಿದ ಸದ್ದು ಮನೆಯೊಳಗೂ ಕೇಳಿಸಿತು. ಮಂಚದ ಮೇಲೆ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದು ಸರಿಯಾಗಿ ಬಂತು ಅನ್ನುವಂತೆ ಒಮ್ಮೆ ತಲೆಯಾಡಿಸಿದರು.

ಹೊತ್ತೇರುವುದರೊಳಗೆ ಅಕ್ಕಪಕ್ಕದ ಹೊಲದವರು ನಮ್ಮ ಜಗಲಿಗೆ ಬಂದು ಕೂತಿದ್ದರು. ಅಪ್ಪ ಅಷ್ಟು ಹೊತ್ತಿಗೆ ಚಿಕ್ಕಪ್ಪನ ಹೆಗಲು ಹಿಡಿದು ಜಗಲಿಯವರೆಗೆ ಬರುವಂತಾಗಿದ್ದರು. ಎಲ್ಲರಿಗಿಂತ ಹಿರಿಯರಾದ ಚೌಡಪ್ಪನವರು ಅಪ್ಪನ ತೊಡೆ ತಟ್ಟಿದರು.

"ನಿನ್ನ ತುಪಾಕಿ ಸದ್ದು ಕೇಳಿ ಎಷ್ಟು ದಿನ ಆಗಿತ್ತಪ್ಪ!"

ಅಪ್ಪ ನಿಧಾನವಾಗಿ, ಒಂದೊಂದೇ ಅಕ್ಷರ ಜೋಡಿಸಿಕೊಂಡು ಹೇಳಿದರು.

"ನಂದಲ್ಲ. ಅವಳ್ದು."

ಅಮ್ಮ ಆಗ ಕೈಯ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಗಂಡಸರು ಕೂತಿರುವಾಗ ನಮ್ಮ ಮನೆಯ ಹೆಂಗಸರು ಜಗಲಿಗೆ ಬರುವ ವಾಡಿಕೆ ಇರಲಿಲ್ಲ. ಅಮ್ಮ ಹೊಸ್ತಿಲು ದಾಟಿ ಬಂದು, ಅಪ್ಪನ ಪಕ್ಕದಲ್ಲಿ ಕಾಲು ಮಡಿಸಿ ಕೂತರು.

"ಚೌಡಪ್ಪಣ್ಣ, ನಿಮ್ಮ ಹೊಲಕ್ಕೆ ಯಾವ ಕಡೆಯಿಂದ ಇಳೀತವೆ ಹಂದಿ? ಸರಿಯಾಗಿ ಹೇಳಿ, ನಾಳೆ ಅಲ್ಲಿಗೆ ಬರ್ತೀನಿ."